ಅಲ್ಲಾಡಿಸಿ ನೋಡು

ನಮ್ಮ ಕಡೆ ಈಗ ಯಾರನ್ನಾದರೂ ‘ಬಟರ್‌ಫ್ರೂಟ್ ಬೇಕಾ?’ ಅಂತ ಕೇಳಿ ನೋಡಿ. ತಕ್ಷಣ ಅವರಿಗೆ ಒಲೆ ಮೇಲಿಟ್ಟ ಹಾಲು ನೆನಪಾಗುತ್ತದೆ. ನಿನ್ನೆ ಪಕ್ಕದ ತೋಟದ ಅಕ್ಕ ನನ್ನ ಕೈಯಲ್ಲಿ ಚೀಲ ಕಂಡವರೇ, ಅರ್ಧ ದಾರಿ ಬಂದವರು ಹಾಗೇ ತಿರುಗಿ ಹೋದರು. ಅವರ ಕೈಯಲ್ಲೂ ಒಂದು ಚೀಲ ಇತ್ತು. ಒಳಗೆ ಏನಿತ್ತು ಅಂತ ನಾನು ಹೇಳಬೇಕಾಗಿಲ್ಲ.

ಮಾದಾಪುರದಿಂದ ಸೋಮವಾರಪೇಟೆ ತನಕ ಯಾರ ಹಿತ್ತಲು ನೋಡಿದರೂ ಒಂದು ಬೆಣ್ಣೆಹಣ್ಣಿನ ಮರ ಇದ್ದೇ ಇರುತ್ತದೆ. ಎಲ್ಲವೂ ಒಟ್ಟಿಗೇ ಕಾಯಿ ಬಿಡುತ್ತವೆ. ಎಲ್ಲರೂ ಕೊಡುವವರೇ, ತಗೊಳ್ಳುವವರು ಯಾರೂ ಇಲ್ಲ. ಹಲಸಾದರೆ ಪರವಾಗಿಲ್ಲ. ಜಾಸ್ತಿಯಾದರೆ ರಾತ್ರಿ ಆನೆ ಬಂದು ಲೆಕ್ಕ ಮುಗಿಸುತ್ತದೆ, ಜೊತೆಗೆ ಬೇಲಿಯನ್ನೂ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಮಾತ್ರ ತಾಂಜಾನಿಯಾದಿಂದ ಬಂದದ್ದು ಅಂತ ಸ್ಟಿಕ್ಕರ್ ಇರುವ ಹಣ್ಣನ್ನೇ ದುಡ್ಡು ಕೊಟ್ಟು ತಂದು, ಬ್ರೆಡ್ಡಿಗೆ ಸವರಿ ಫೋಟೊ ಹಾಕುತ್ತಾನೆ. ಅವನಿಗೆ ಒಂದು ಪೆಟ್ಟಿಗೆ ಕಳಿಸುತ್ತೇನೆ ಎಂದೆ. ‘ಬೇಡ ಅತ್ತೆ, ಅಷ್ಟೊಂದು ಏನು ಮಾಡೋದು’ ಎಂದ.

ಈ ಸಲ ಫಸಲು ಬರುವ ಹೊತ್ತಿಗೆ ಸರಿಯಾಗಿ ಮಾವ ಮೈಸೂರಿನ ಆಸ್ಪತ್ರೆ ಸೇರಿದರು. ಕಿಡ್ನಿ ತೊಂದರೆ. ನೋಡಿಕೊಳ್ಳಲು ನಮ್ಮವರು ಹೋದರು. ಮನೆಯಲ್ಲಿ ಉಳಿದದ್ದು ನಾನು, ಮಗಳು, ಎರಡು ಹಸು ಮತ್ತು ಆ ಮರ.

ಆಸ್ಪತ್ರೆಯವರು ಕೊಟ್ಟ ಊಟದ ಪಟ್ಟಿಯನ್ನು ನಮ್ಮವರು ಫೋನಿನಲ್ಲಿ ಓದಿದರು. ಬಾಳೆಹಣ್ಣು ಬೇಡ. ಕಿತ್ತಳೆ ಬೇಡ. ಹಲಸು ಬೇಡ. ಎಳನೀರು ಬೇಡವೇ ಬೇಡ. ಬಟರ್‌ಫ್ರೂಟಿನ ಹೆಸರು ಕೇಳಿದ್ದಕ್ಕೇ ಆ ಡಯೆಟ್ ಹುಡುಗಿ ಪೆನ್ನು ಕೆಳಗಿಟ್ಟಳಂತೆ. ಎಲ್ಲಕ್ಕೂ ಪೊಟ್ಯಾಸಿಯಂ ಕಾರಣ, ಸೋತ ಕಿಡ್ನಿಗೆ ಅದನ್ನು ಹೊರಹಾಕಲು ಆಗುವುದಿಲ್ಲವಂತೆ. 100 ಗ್ರಾಂ ಬಾಳೆಹಣ್ಣಿನಲ್ಲಿ ಅದು ಸುಮಾರು 360 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಬೆಣ್ಣೆಹಣ್ಣಿನಲ್ಲಿ 480ರ ಹತ್ತಿರ. ಒಟ್ಟಿನಲ್ಲಿ ನಮ್ಮ ಹಿತ್ತಲಲ್ಲಿ ಬೆಳೆಯುವುದೆಲ್ಲ ಬೇಡದ ಪಟ್ಟಿಯಲ್ಲಿತ್ತು. ತಿನ್ನಬಹುದಾದದ್ದು ಸೇಬು. ಜೀವಮಾನವೆಲ್ಲ ತೋಟ ಮಾಡಿದ ಮನುಷ್ಯ ಅಂಗಡಿ ಸೇಬಿನ ಹೋಳು ನೋಡಿಕೊಂಡು ಮಲಗಿದ್ದರು.

ತಿನ್ನಲು ಆಗದಿದ್ದರೇನು, ಉಸ್ತುವಾರಿ ಬಿಡಬೇಕಲ್ಲ? ಬಿಡಲಿಲ್ಲ.

ಈ ಹಣ್ಣಿನ ಸ್ವಭಾವ ನಿಮಗೆ ಗೊತ್ತೇ ಇದೆ. ಮರದಲ್ಲಿ ಇರುವ ತನಕ ಹಣ್ಣಾಗುವುದಿಲ್ಲ. ಕಿತ್ತು ಇಡಬೇಕು. ಸೋಮವಾರ ಕಲ್ಲು, ಗುರುವಾರವೂ ಕಲ್ಲು. ಶನಿವಾರ ಬೆಳಿಗ್ಗೆ ಎಲ್ಲ ಒಟ್ಟಿಗೆ ಹಣ್ಣು. ಭಾನುವಾರ ಸಂಜೆಗೆ ಎಲ್ಲ ಒಟ್ಟಿಗೆ ಕಪ್ಪು. ಯಾವುದು ಬಲಿತಿದೆ ಅಂತ ಹೊರಗಿನಿಂದ ತಿಳಿಯುವುದೂ ಕಷ್ಟ. ನಮ್ಮ ಮರದ ಕಾಯಿ ಬಲಿತರೆ ಒಳಗಿನ ಬೀಜ ಸಡಿಲವಾಗಿ ಲೊಟಲೊಟ ಅನ್ನುತ್ತದೆ. ಮಾವ ಪ್ರತಿ ಕಾಯಿಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿಯೇ ತೀರ್ಪು ಕೊಡುವುದು. ಬೇರೆಯವರ ಕಿವಿಯ ಮೇಲೆ ಅವರಿಗೆ ನಂಬಿಕೆ ಇಲ್ಲ. ಹಾಗಾಗಿ ಮೈಸೂರಿನಿಂದ ಫೋನ್ ಬಂತು.

‘ದೋಟಿಯಲ್ಲಿ ನಾಲ್ಕು ಕಿತ್ತು ಫೋನ್ ಹತ್ರ ಅಲ್ಲಾಡ್ಸಮ್ಮ, ಕೇಳ್ತೀನಿ.’

ತಮಾಷೆ ಅಂದುಕೊಂಡೆ. ಅಲ್ಲ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗೋಬರ್ ಗ್ಯಾಸ್ ಗುಂಡಿಯ ಪಕ್ಕ ಮಾತ್ರ. ಅದೂ ಕರೆಂಟು ಇದ್ದರೆ. ಜೋರು ಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಾಯಿ. ಫೋನನ್ನು ಮಗಳು ಹಿಡಿದುಕೊಂಡಿದ್ದಳು. ನಾನು ಅಲ್ಲಾಡಿಸಿದೆ.

‘ಏನೂ ಕೇಳ್ತಿಲ್ಲ.’

‘ಮಳೆ ಸದ್ದು ಮಾವ.’

‘ಮಳೆ ನಿಲ್ಸಕ್ಕಾಗಲ್ಲ. ನೀನು ಜೋರಾಗಿ ಅಲ್ಲಾಡ್ಸು.’

ಜೋರಾಗಿ ಅಲ್ಲಾಡಿಸಿದೆ. ಕೊಡೆ ಹಾರಿ ಕಾಫಿ ಗಿಡಕ್ಕೆ ಸಿಕ್ಕಿಕೊಂಡಿತು. ಆ ಕಡೆಯಿಂದ ಬೇರೆ ಯಾರದೋ ಗಂಡಸಿನ ದನಿ: ‘ಮೇಡಂ, ಇನ್ನೊಂದ್ಸಲ ಅಲ್ಲಾಡ್ಸಿ. ನಂಗೆ ಕೇಳ್ಸಿತು, ಯಜಮಾನ್ರಿಗೆ ಕೇಳ್ಸಿಲ್ಲ.’ ಪಕ್ಕದ ಮಂಚದವರು! ಮಾವ ಸ್ಪೀಕರ್ ಹಾಕಿದ್ದರು. ಇಡೀ ವಾರ್ಡು ನಮ್ಮ ಬಟರ್‌ಫ್ರೂಟಿನ ಬೀಜಕ್ಕೆ ಕಿವಿ ಕೊಟ್ಟು ಕೂತಿತ್ತು. ‘ಇದು ಆಯ್ತು, ಕೀಳ್ಬಹುದು’ ಎಂದು ಒಬ್ಬರು. ‘ಇನ್ನೂ ಎಂಟು ದಿನ ಹೋಗ್ಲಿ’ ಎಂದು ಇನ್ನೊಬ್ಬರು. ಒಬ್ಬ ಹೆಂಗಸು, ಬಹುಶಃ ನರ್ಸ್, ‘ಅಜ್ಜ, ಬಿಪಿ ನೋಡ್ಬೇಕು, ಕೈ ಕೊಡಿ’ ಎಂದರೆ, ‘ಸ್ವಲ್ಪ ತಾಳಮ್ಮ, ಇನ್ನೆರಡು ಕಾಯಿ ಇದೆ’ ಎಂದು ಮಾವ. ನಮ್ಮವರ ದನಿ ಮಾತ್ರ ಎಲ್ಲೂ ಇಲ್ಲ. ಇಂಥ ಹೊತ್ತಿನಲ್ಲಿ ಅವರು ಯಾವಾಗಲೂ ಔಷಧಿ ತರಲು ಹೋಗಿರುತ್ತಾರೆ.

ಆಮೇಲೆ ಇದು ದಿನಾ ನಡೆಯಿತು. ತೊಟ್ಟು ಕಾಯಿಯಲ್ಲೇ ಉಳಿಯುವ ಹಾಗೆ ಕೀಳು, ಇಲ್ಲದಿದ್ದರೆ ಅಲ್ಲಿಂದಲೇ ಕೊಳೆಯುತ್ತದೆ ಅಂತ ಪಾಠ ಬೇರೆ. ಅಷ್ಟು ವಿಚಾರಣೆ ಮಾಡಿ ಕಿತ್ತದ್ದು ನಾಲ್ಕು. ರಾತ್ರಿ ಗಾಳಿಗೆ ಬಿದ್ದದ್ದು ಒಂದು ಬುಟ್ಟಿ.

ಅದನ್ನೆಲ್ಲ ಏನು ಮಾಡುವುದು? ಹಾಲು, ಸಕ್ಕರೆ ಹಾಕಿ ಜ್ಯೂಸ್ ಮಾಡಿದೆ. ಹಸಿಮೆಣಸು, ನಿಂಬೆಹುಳಿ ಹಾಕಿ ಚಟ್ನಿ ಮಾಡಿದೆ. ಚಪಾತಿ ಹಿಟ್ಟಿಗೆ ಕಲಸಿದೆ. ಮಗಳು ತಟ್ಟೆಯಲ್ಲಿ ಹಸಿರು ಬಣ್ಣದ್ದು ಏನು ಕಂಡರೂ ಹೊಟ್ಟೆನೋವು ಅನ್ನಲು ಶುರು ಮಾಡಿದಳು. ತಿರುಳು ತೆಗೆದು ಫ್ರೀಜರ್‌ಗೆ ತುಂಬಿದೆ. ಅವತ್ತು ಲೈನಿನ ಮೇಲೆ ಸಿಲ್ವರ್ ಮರ ಬಿದ್ದು ಕರೆಂಟು ಹೋಯಿತು, ಬರುವಷ್ಟರಲ್ಲಿ ಫ್ರೀಜರ್ ಬಾಗಿಲು ತೆರೆಯುವ ಧೈರ್ಯ ಉಳಿದಿರಲಿಲ್ಲ. ಹಸುಗಳಿಗೆ ಹಾಕೋಣ ಎಂದರೆ ದನದ ಡಾಕ್ಟರು ಬೇಡ ಎಂದರು. ಅದರ ಎಲೆ, ಸಿಪ್ಪೆ, ಬೀಜದಲ್ಲಿ ಪರ್ಸಿನ್ ಅನ್ನುವ ವಿಷ ಇದೆ, ಕೆಚ್ಚಲು ಬಾತು ಹಾಲು ಕಡಿಮೆಯಾಗುತ್ತದೆ ಅಂತ. ಅಂದರೆ ಮನೆಯ ಯಜಮಾನರಿಗೂ ಆಗದು, ಹಸುವಿಗೂ ಆಗದು.

ಇದರ ನಡುವೆ ಮಾವನ ಆರೋಗ್ಯ ವಿಚಾರಿಸಲು ಜನ ಬರುತ್ತಿದ್ದರು. ಕಾಯಿಲೆ ಮನೆಗೆ ಬರಿಗೈಯಲ್ಲಿ ಬರಬಾರದಲ್ವಾ? ಕೆಲವರು ಎಳನೀರು ತಂದರು. ಉಳಿದವರು ಏನು ತಂದರೆಂದು ಊಹಿಸಿ. ಒಂದು ಮಧ್ಯಾಹ್ನ ದೂರದ ನೆಂಟರೊಬ್ಬರು ತಂದ ಚೀಲ ನೋಡಿದರೆ ಅದರ ಹಿಡಿಗೆ ನಾನೇ ಹಾಕಿದ ಕೆಂಪು ದಾರದ ಹೊಲಿಗೆ! ಹಿಂದಿನ ವಾರ ಪಕ್ಕದ ತೋಟದ ಅಕ್ಕನಿಗೆ ಹಣ್ಣು ತುಂಬಿ ಕೊಟ್ಟ ಚೀಲ ಅದು. ಯಾವ ಯಾವ ಮನೆ ಸುತ್ತಿ ಬಂದಿತ್ತೋ. ‘ನಮ್ಮ ಮರದ್ದೇ, ತುಂಬಾ ರುಚಿ’ ಎಂದರು ಅವರು. ಮರ ಯಾರದೆಂದು ನಾನು ಕೇಳಲಿಲ್ಲ. ಕಾಫಿ ಕೊಟ್ಟು, ಹೊರಡುವಾಗ ಇನ್ನೊಂದು ಚೀಲ ಅವರ ಜೀಪಿನ ಹಿಂದಿನ ಸೀಟಿನ ಕೆಳಗೆ ಇಟ್ಟು ಬಂದೆ.

ಒಂದು ಸಂಜೆ ಮಾವ ಫೋನ್ ಮಾಡಿದವರು ಹಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಊಟ ಆಯ್ತಾ ಎಂದರು, ಮಗಳು ಶಾಲೆಗೆ ಹೋದಳಾ ಎಂದರು, ಸುಮ್ಮನಾದರು. ಉಸಿರು ಭಾರ ಇತ್ತು. ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡುವ ಕ್ರಿಯೇಟಿನಿನ್ ಇಳಿದಿಲ್ಲ ಅಂತ ನಮ್ಮವರು ಬೆಳಿಗ್ಗೆಯೇ ಹೇಳಿದ್ದರು. ನನಗೆ ಏನು ಮಾತಾಡಬೇಕೋ ತೋಚಲಿಲ್ಲ. ಗೋಬರ್ ಗುಂಡಿಯ ಕಟ್ಟೆ ಮೇಲೆ ಒಂದು ಕಾಯಿ ಬಿದ್ದಿತ್ತು. ಎತ್ತಿಕೊಂಡು ಫೋನಿನ ಹತ್ತಿರ ಅಲ್ಲಾಡಿಸಿದೆ. ಅವರು ಕೇಳದೆಯೇ.

ಸ್ವಲ್ಪ ಹೊತ್ತು ಆ ಕಡೆ ಏನೂ ಸದ್ದಿಲ್ಲ.

‘ಅದು ಎಳೆ ಕಾಯಿ. ಯಾಕೆ ಕಿತ್ತೆ? ನಿಂಗೆ ಎಷ್ಟು ಸಲ ಹೇಳ್ಬೇಕು?’ ಎಂದು ಪೂರ್ತಿ ಬೈದರು. ಬೈಸಿಕೊಂಡು ಅಷ್ಟು ಸಮಾಧಾನ ನನಗೆ ಎಂದೂ ಆಗಿರಲಿಲ್ಲ.

ಈಗ ಮನೆಗೆ ಬಂದಿದ್ದಾರೆ. ಸೇಬು ತಿನ್ನುತ್ತಾರೆ, ಬೆಣ್ಣೆಹಣ್ಣಿನ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾರೆ. ಅವರು ಒತ್ತಿದ ಕಡೆಯೆಲ್ಲ ಮರುದಿನ ಕಪ್ಪು. ಪಕ್ಕದ ಮಂಚದವರ ಜೊತೆ ಫೋನ್ ಸಂಬಂಧ ಮುಂದುವರಿದಿದೆ. ಅವರೇ ಹೇಳಿದ್ದಂತೆ, ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದವರು ‘ಅರ್ಕಾ ಕೂರ್ಗ್ ರವಿ’ ಅಂತ ಬೆಣ್ಣೆಹಣ್ಣಿನ ತಳಿ ಮಾಡಿದ್ದಾರೆ, ಕಸಿ ಗಿಡವಾದರೆ ಬೀಜದ ಗಿಡಕ್ಕಿಂತ ಬೇಗ ಫಸಲು ಬರುತ್ತದೆ. ‘ಮಳೆ ಇರುವಾಗಲೇ ಎರಡು ನೆಡೋಣ’ ಎಂದರು ಮಾವ. ನಮ್ಮವರು ‘ಆಗ್ಲಿ ಅಪ್ಪ’ ಎಂದು ಗುದ್ದಲಿ ಹಿಡಿದು ಜಾಗ ನೋಡಿ ಬಂದರು.

ಅವರು ನೋಡಿದ ಜಾಗದಲ್ಲಿ ನಾನು ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದೇನೆ. ಈ ಮಳೆಯಲ್ಲಿ ತಂತಿ ಯಾಕೆ ಎಂದು ಕೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.