ಸತ್ಯಾಂಶ: ಓಸಿ-3ರ 155, ಐಡಿಇಯ 133ಕ್ಕಿಂತ ದೊಡ್ಡದೇ?

“ಹಳೆಯ ಐಡಿಇ ಹಾರ್ಡ್‌ಡಿಸ್ಕ್ ವೇಗ 133, ಓಸಿ-3 ಫೈಬರ್ ವೇಗ 155, ಆದ್ದರಿಂದ ಫೈಬರೇ ಮುಂದೆ” ಎಂಬ ಫಾರ್ವರ್ಡ್ ತಪ್ಪು. ಎರಡರ ಅಳತೆಗೋಲೇ ಬೇರೆ. ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಐಡಿಇ ಕೇಬಲ್ಲಿನ ಎಟಿಎ-133 ಆವೃತ್ತಿಯದ್ದು ಸೆಕೆಂಡಿಗೆ 133 ಮೆಗಾಬೈಟ್, ದೂರಸಂಪರ್ಕ ಜಾಲದ ಫೈಬರ್ ಮಾರ್ಗವಾದ ಓಸಿ-3ರದ್ದು 155.52 ಮೆಗಾಬಿಟ್. ಒಂದು ಬೈಟ್‌ಗೆ 8 ಬಿಟ್. ಭಾಗಿಸಿದರೆ ಫೈಬರ್‌ಗೆ ಬರುವುದು 19.44 ಮೆಗಾಬೈಟ್ ಮಾತ್ರ.

ಅದೂ ಪೂರ್ತಿ ಕೈಗೆ ಸಿಗದು. ಓಸಿ-3ಸಿಯ (ಇಡೀ ಸಾಮರ್ಥ್ಯವನ್ನು ಒಂದೇ ವಾಹಿನಿಯಾಗಿ ಬಳಸುವ ಓಸಿ-3) ಪ್ರತಿ ಫ್ರೇಮಿನ, ಅಂದರೆ ಮಾಹಿತಿ ಸಾಗುವ ಕಟ್ಟಿನ, 270 ಕಾಲಂಗಳಲ್ಲಿ 10 ಕಾಲಂ ಜಾಲದ ನಿರ್ವಹಣೆಗೇ ಮೀಸಲು. ಉಳಿಯುವುದು 149.76 ಮೆಗಾಬಿಟ್, ಅಂದರೆ 18.72 ಮೆಗಾಬೈಟ್. ವಿಂಡೋಸ್ 700 ಎಂಬಿ ಎಂದು ತೋರಿಸುವ ಫೈಲಿನಲ್ಲಿ ಸುಮಾರು 73.4 ಕೋಟಿ ಬೈಟ್ ಇರುತ್ತದೆ (ಅಲ್ಲಿ ಒಂದು ಎಂಬಿ ಎಂದರೆ 10,48,576 ಬೈಟ್). ಅದು ದಾಟಲು ಕನಿಷ್ಠ 39 ಸೆಕೆಂಡು ಬೇಕು. ಫಾರ್ವರ್ಡ್ ಲೆಕ್ಕ ನಂಬಿದವರು ಐದೇ ಸೆಕೆಂಡು ಎಂದುಕೊಳ್ಳುತ್ತಾರೆ.

ಎಟಿಎಯ 133 ಕೂಡ ಕೇಬಲ್ಲಿನ ಮಿತಿ, ಡಿಸ್ಕಿನ ತಟ್ಟೆಯಿಂದ ಓದುವ ವೇಗವಲ್ಲ ಎಂಬುದನ್ನು ಮರೆಯಬಾರದು. ಆ ಮಿತಿಯನ್ನು ಓಸಿ-3ರದ್ದೇ ಸರಣಿಯ ಹೆಚ್ಚು ವೇಗದ ಓಸಿ-12 (77.76 ಮೆಗಾಬೈಟ್) ಕೂಡ ಮುಟ್ಟದು, ಓಸಿ-48 (311.04) ಮೀರುತ್ತದೆ.

ಆದರೆ ಐಡಿಇಯ ನಂತರ ಬಂದ ಹಾರ್ಡ್‌ಡಿಸ್ಕ್ ಸಂಪರ್ಕವಾದ ಸಾಟಾದಲ್ಲಿ 8ರಿಂದ ಭಾಗಿಸಬೇಡಿ. ಅಲ್ಲಿ ಪ್ರತಿ 8 ಬಿಟ್ 10 ಬಿಟ್ಟಾಗಿ ಸಾಗುತ್ತದೆ; ಹಾಗಾಗಿ 1.5 ಗಿಗಾಬಿಟ್ ಎಂದರೆ 187.5 ಅಲ್ಲ, 150 ಮೆಗಾಬೈಟ್.