ಜಗಳ ಆಮೇಲೆ ಆಡೋಣ, ಮೊದಲು ಪುಸ್ತಕ ತೆಗೆಯಿರಿ

ಒಬ್ಬ ಲೇಖಕರ ಪರವಾಗಿಯೋ ವಿರುದ್ಧವಾಗಿಯೋ ಮಾತಾಡುವ ಮೊದಲು ಅವರದೊಂದು ಪುಸ್ತಕವನ್ನಾದರೂ ಓದಿರಬೇಕು. 2025ರ ದಸರಾ ನೋಡಿದ ಮೇಲಂತೂ ಇದನ್ನು ಹೇಳದೆ ಇರಲು ಆಗುತ್ತಿಲ್ಲ.

ಆ ವಾರ ಮೈಸೂರಿನಲ್ಲಿ ಎಲ್ಲಿ ಹೋದರೂ ಸಾಹಿತಿಗಳದೇ ಮಾತು. ಸೆಪ್ಟೆಂಬರ್ 22, ಸೋಮವಾರ ಕಥೆಗಾರ್ತಿ ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಬುಧವಾರ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಬೆಂಗಳೂರಿನಲ್ಲಿ ತೀರಿಕೊಂಡರು. ಶುಕ್ರವಾರ ಮೈಸೂರಿನಲ್ಲೇ ಅವರ ಅಂತ್ಯಕ್ರಿಯೆ ಆಯಿತು. ಇಬ್ಬರೂ ಹಾಸನ ಜಿಲ್ಲೆಯವರು. 2019ರಲ್ಲಿ ದಸರಾ ಉದ್ಘಾಟಿಸಿದ್ದು ಇದೇ ಭೈರಪ್ಪನವರು. ಚಾಮುಂಡಿಯ ಹಬ್ಬಕ್ಕೆ ಮುಸ್ಲಿಂ ಲೇಖಕಿ ಬಾನು ಅವರನ್ನು ಕರೆದದ್ದರ ಜಗಳ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎರಡು ಕಡೆಯೂ ಅರ್ಜಿ ವಜಾ ಆಯಿತು, ಜಗಳ ಮಾತ್ರ ಹಾಲಿನ ಬೂತಿನಲ್ಲಿ, ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ನಡೆದೇ ಇತ್ತು. ಮಧ್ಯೆ ಒಂದು ಕವಿಗೋಷ್ಠಿಗೆ ಹೋಗಿದ್ದೆ. ವೇದಿಕೆಯಲ್ಲಿ ಹುಡುಗಿಯೊಬ್ಬಳು ಕವಿತೆ ಓದುತ್ತಿದ್ದಳು. ನನ್ನ ಹಿಂದಿನ ಸಾಲಿನವರು ಅದನ್ನೂ ಕೇಳದೆ ಇವರಿಬ್ಬರ ಬಗ್ಗೆ ವಾದಕ್ಕಿಳಿದಿದ್ದರು. ಅಷ್ಟು ಹೊತ್ತಿನ ವಾದದಲ್ಲಿ ಒಂದು ಕಥೆಯ, ಒಂದು ಪಾತ್ರದ ಹೆಸರು ಬರಲಿಲ್ಲ. ಬೇಜಾರಾಯಿತು.

ನಮ್ಮ ಮನೆಯಲ್ಲಿ ಅದೇ ವಾರ ಪುಸ್ತಕದ ಕಪಾಟು ಖಾಲಿ ಮಾಡಿದ್ದೆವು. ಸರಸ್ವತಿ ಪೂಜೆಗೆ ಇಡುವ ಮುಂಚೆ ಎಲ್ಲ ಪುಸ್ತಕದ ಧೂಳು ಹೊಡೆಯಲೇಬೇಕು, ಇಲ್ಲದಿದ್ದರೆ ಅಮ್ಮ ಒಪ್ಪುವುದಿಲ್ಲ. ಮಳೆಗಾಲದ ತಂಡಿಗೆ ಕೆಳಗಿನ ಸಾಲಿಗೆ ಬೂಷ್ಟು ಹಿಡಿದಿತ್ತು. ಭೈರಪ್ಪನವರ 'ಪರ್ವ' ಕಾದಂಬರಿಯ ಹಳೇ ಪ್ರತಿಯ ಬೆನ್ನಿನಲ್ಲಿ ಅಂಟು ಇದ್ದ ಜಾಗವನ್ನೆಲ್ಲ ಬೆಳ್ಳಗೆ ಹೊಳೆಯುವ ಆ ಸಣ್ಣ ಹುಳ ಕೆರೆದು ತಿಂದಿತ್ತು. ಗಂಜಿ, ಅಂಟು ಅಂದರೆ ಅದಕ್ಕೆ ಪ್ರಾಣ. ನಿಮ್ಮ ಮನೆಯಲ್ಲೂ ಇದೇ ಕಥೆಯಾದರೆ ಒದ್ದೆ ಬಟ್ಟೆ ತೆಗೆದುಕೊಳ್ಳಬೇಡಿ, ಬೂಷ್ಟು ಇನ್ನೂ ಹರಡುತ್ತದೆ. ಮನೆಯ ಹೊರಗೆ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ. ಸುಡು ಬಿಸಿಲಿಗೂ ಹಾಕಬೇಡಿ, ಹಳೇ ಕಾಗದ ಇನ್ನಷ್ಟು ಹಳದಿಯಾಗಿ ಮುರಿಯುತ್ತದೆ. ಗಾಳಿಯಾಡುವ ನೆರಳಲ್ಲಿ ಪುಟ ಬಿಡಿಸಿ ನಿಲ್ಲಿಸಿದರೆ ಸಾಕು. ವಾಪಸ್ ಜೋಡಿಸುವಾಗ ಗೋಡೆಗೂ ಪುಸ್ತಕಕ್ಕೂ ನಡುವೆ ಎರಡು ಬೆರಳು ಜಾಗ ಇರಲಿ.

ವರಾಂಡದಲ್ಲಿ ಭೈರಪ್ಪನವರ ಕಾದಂಬರಿಗಳೂ ಬಾನು ಅವರ ಕಥೆಗಳೂ ಒಟ್ಟಿಗೇ ಒಣಗಿದವು. ಒರೆಸುವ ಕೆಲಸ ಅಲ್ಲಿಗೇ ನಿಂತು ಓದು ಶುರುವಾಯಿತು. ಭೈರಪ್ಪನವರ ಎಷ್ಟೋ ಅಭಿಪ್ರಾಯಗಳು ನನಗೆ ಒಪ್ಪಿಗೆಯಿಲ್ಲ. ಆದರೆ 'ಪರ್ವ'ದಲ್ಲಿ ಪವಾಡಗಳನ್ನೆಲ್ಲ ತೆಗೆದುಹಾಕಿ ಮಹಾಭಾರತವನ್ನು ಮನುಷ್ಯರ ಕಥೆಯಾಗಿ ಹೇಳಿದರಲ್ಲ, ಅದರ ಕುಂತಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬಾನು ಅವರ 'ಎದೆಯ ಹಣತೆ'ಯಲ್ಲಿ ಸಾಯಲು ಹೊರಟ ತಾಯಿಯನ್ನು ಮಗಳು ಹಸುಗೂಸಿನ ಸಮೇತ ಬಂದು ತಡೆಯುತ್ತಾಳೆ. ಅಲ್ಲಿಗೆ ಬರುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ. ಅಮ್ಮ ಅದನ್ನು ಮೊದಲ ಸಲ ಓದಿದರು. ಓದಿ ಮುಗಿಸಿ, "ತವರಿನವರು ಹಾಗೆ ವಾಪಸ್ ಕಳಿಸಬಾರದಿತ್ತು ಕಣೇ" ಅಂದರು. ಆಮೇಲೆ ಊಟದವರೆಗೂ ನಮ್ಮಿಬ್ಬರದು ಅದೇ ಮಾತು. ಲೇಖಕಿಯ ಹೆಸರು, ಧರ್ಮ ಯಾವುದೂ ಆ ಮಾತಿನಲ್ಲಿ ಬರಲಿಲ್ಲ.

ಪುಸ್ತಕಕ್ಕೆ ದುಡ್ಡು ಜಾಸ್ತಿ ಅನ್ನುವವರಿಗೆ ಒಂದು ಮಾತು. ಮನೆ ಕಂದಾಯದ ಜೊತೆ ನಾವು 6% ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಬಡಾವಣೆಯ ಗ್ರಂಥಾಲಯ ನಮ್ಮ ದುಡ್ಡಿನದೇ ಅಲ್ವಾ? ಹೋಗಿ ಕೇಳಿ. ಪುಸ್ತಕ ಇಲ್ಲ ಅಂದರೆ ತರಿಸಿ ಅಂತ ಬರೆದುಕೊಡಿ.

ಕುವೆಂಪುನಗರದ ಸುತ್ತಮುತ್ತ ಇರುವವರು ನನಗೇ ಒಂದು ಮೆಸೇಜ್ ಹಾಕಿ. 'ಪರ್ವ'ದ ಇನ್ನೊಂದು ಗಟ್ಟಿ ಪ್ರತಿ ಇದೆ, ಬಾನು ಅವರ ಕಥೆಗಳೂ ಇವೆ. ಓದಿ ಮುಗಿಸಿ ವಾಪಸ್ ಕೊಡಲು ಬಂದಾಗ ಕೂತು ಎಷ್ಟು ಬೇಕಾದರೂ ಜಗಳ ಆಡೋಣ, ಕಾಫಿ ನಮ್ಮ ಮನೆಯದು.