ಮಡಿವಾಳಪ್ಪನ ಪದಕ್ಕೆ ಕಾಪಿರೈಟ್

ಹಿಂದಿನ ಕಾಲದ ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರು ಒಂದು ತಪ್ಪು ಮಾಡಿಬಿಟ್ಟರು. ತತ್ವಪದ ಕಟ್ಟಿದ ಮೇಲೆ ಕೆಳಗೆ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಅಂತ ಬರೆಯಲಿಲ್ಲ. ಸುಮ್ನೆ ಹಾಡಿದರು. ಕೇಳಿದವರು ಕಲಿತರು, ಕಲಿತವರು ಮಕ್ಕಳಿಗೆ ಹೇಳಿಕೊಟ್ಟರು. ಈ ಬೇಜವಾಬ್ದಾರಿಯನ್ನು ಸರಿಪಡಿಸಲು ಕಲಬುರಗಿಯ ಒಂದು ಸಾಂಸ್ಕೃತಿಕ ಸಂಸ್ಥೆ ಟೊಂಕ ಕಟ್ಟಿ ನಿಂತಿದೆ.

ಹೆಸರು ಬೇಡ. ಲಾಭರಹಿತ ಸಂಸ್ಥೆ, ಲೆಟರ್‌ಹೆಡ್‌ನಲ್ಲೇ ಹಾಗೆ ಅಚ್ಚಾಗಿದೆ. ಜೇವರ್ಗಿ ಕಡೆಯ ಹಳ್ಳಿಗೆ ಹೋಗಿ ಅಮಾವಾಸ್ಯೆಯ ಭಜನೆ ರೆಕಾರ್ಡ್ ಮಾಡಿಕೊಂಡು ಬಂದರು. ಏಕತಾರಿ, ದಮ್ಮಡಿ, ತಾಳ, ನಡುವೆ ಯಾರೋ ಕೆಮ್ಮಿದ್ದು, ಎಲ್ಲ ಚೆನ್ನಾಗಿ ಬಂದಿದೆ. ಯೂಟ್ಯೂಬ್‌ಗೆ ಹಾಕಿದರು. ಹಾಡುವ ಮುತ್ಯಾನ ಗಡ್ಡದ ಮೇಲೆಯೇ ಲೋಗೋ. ಮುಂದೆ ಆ ಮುತ್ಯಾನ ಮೊಮ್ಮಗ ಅದೇ ಪದವನ್ನು ತಾನೇ ಹಾಡಿ ಮೊಬೈಲ್‌ನಿಂದ ಹಾಕಿದ. ಸಂಸ್ಥೆ ದೂರು ಕೊಟ್ಟಿತು, ವಿಡಿಯೋ ಹೋಯಿತು.

ಹುಡುಗ ಫೋನ್ ಮಾಡಿದ. “ಸರ್, ಪದಾ ನಮ್ ಮುತ್ಯಾ ಕಲ್ಸಿದ್ದು ಅದರೀ.”

“ಖರೆ ಅದಪ್ಪಾ. ಆದ್ರ ರೈಟ್ಸ್ ನಮ್ ಕಡಿ ಅದಾವ. ಅರ್ಜಿ ಕೊಡು, ಕಮಿಟಿ ಮುಂದ ಇಡ್ತೀವಿ.”

1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಮಡಿವಾಳಪ್ಪನವರ ಪದ ಎಂದೋ ಊರ ಸೊತ್ತಾಗಿದೆ. ಸಂಸ್ಥೆಗೆ ಹಕ್ಕಿರುವುದು ಆ ರಾತ್ರಿಯ ರೆಕಾರ್ಡಿಂಗ್ ಮೇಲೆ. ಖರ್ಚು ಮಾಡಿದ್ದಾರೆ, ಅದು ಅವರದ್ದೇ ಇರಲಿ. ಆದರೆ ಹಾಡಿದವರಿಗೂ ತಮ್ಮ ಹಾಡುಗಾರಿಕೆ ಮೇಲೆ 50 ವರ್ಷದ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ. ಆ ಸುದ್ದಿ ಇನ್ನೂ ಹಳ್ಳಿಗೆ ಮುಟ್ಟಿಲ್ಲ. ಮುಟ್ಟಿಸುವ ಅವಸರ ಸಂಸ್ಥೆಗೂ ಇಲ್ಲ.

ಹಾಗಂತ ಅವರಿಗೆ ಹಂಚಿಕೊಳ್ಳೋದು ಗೊತ್ತಿಲ್ಲ ಅನ್ನಬೇಡಿ. ಬೇರೆಯವರದ್ದು ಹಂಚೋದರಲ್ಲಿ ಕೈ ಬಹಳ ಧಾರಾಳ. ಕಾಲೇಜು ಹುಡುಗಿಯೊಬ್ಬಳು ನಸುಕಿನಲ್ಲೇ ಎದ್ದು ಕಲಬುರಗಿ ಕೋಟೆಗೆ ಹೋಗಿ, 1367ರ ಜಾಮಿ ಮಸೀದಿಯ ಸಾಲು ಗುಮ್ಮಟಗಳ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿದ್ದಳು. ಅದು ಸಂಸ್ಥೆಯ ಕ್ಯಾಲೆಂಡರ್‌ನ ಜನವರಿ ಪುಟಕ್ಕೆ ಬಂತು. ಮೂಲೆಯಲ್ಲಿದ್ದ ಅವಳ ಹೆಸರು ಕತ್ತರಿಸುವಾಗ ಒಂದು ಗುಮ್ಮಟವೂ ಅರ್ಧ ಹೋಗಿದೆ. ಕೇಳಿದ್ದಕ್ಕೆ ಅಧ್ಯಕ್ಷರು, “ಸಂಸ್ಕೃತಿ ಸೇವಾ ಅಂತ ತಿಳ್ಕೊ ತಂಗಿ” ಅಂದರು. ಮುಂದಿನ ಕಾರ್ಯಕ್ರಮದ ಫೋಟೋ ತೆಗೆಯಲು ಅವಳನ್ನೇ ಕರೆದರು. ದುಡ್ಡಿಲ್ಲ, ಶಾಲು.

ಮಜಾ ಇರೋದೇ ಇಲ್ಲಿ. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಪುಕ್ಕಟೆ ತೆಗೆದದ್ದು ತೆಗೆದವರದ್ದು. ಅಂದರೆ ನಾಲ್ಕು ಕಾಸು ಉಳಿಸಲು ಹೋಗಿ, ಅಧ್ಯಕ್ಷರು ದೀಪ ಹಚ್ಚುತ್ತಿರುವ ಅಷ್ಟೂ ಫೋಟೋಗಳ ಹಕ್ಕು ಆ ಹುಡುಗಿಗೆ ಹೋಗಿದೆ. ಶಾಲೇ ಸಂಭಾವನೆ ಅಂತ ವಾದಿಸಬಹುದೇನೋ. ಆದರೆ ಅದು ಹಿಂದಿನ ಕಾರ್ಯಕ್ರಮದಲ್ಲಿ ಅಧ್ಯಕ್ಷರಿಗೇ ಹೊದಿಸಿದ ಶಾಲು.

ಕಮಿಟಿಯ ಕಿರಿಯ ಸದಸ್ಯರೊಬ್ಬರು ಧೈರ್ಯ ಮಾಡಿ ಎದ್ದರು. “ನಮ್ಮ ರೆಕಾರ್ಡಿಂಗ್‌ಗೆಲ್ಲ ಸಿಸಿ ಹಾಕೋಣ್ರೀ.”

“ಎಷ್ಟು ಮೀಟರ್? ಶಾಸಕರ ಅನುದಾನದಾಗ ಬರ್ತದೇನು?” ಅಂದರು ಅಧ್ಯಕ್ಷರು.

ಸಿಸಿ ರಸ್ತೆ ಅಲ್ಲ, ಕ್ರಿಯೇಟಿವ್ ಕಾಮನ್ಸ್ ಅಂತ ಬಿಡಿಸಿ ಹೇಳಬೇಕಾಯಿತು. 2002ರಿಂದ ಇರುವ ಪರವಾನಗಿ. ಹಕ್ಕು ನಮ್ಮಲ್ಲೇ ಇರುತ್ತದೆ, ಜನ ಕೇಳದೆಯೂ ಬಳಸಬಹುದು. ವ್ಯಾಪಾರಕ್ಕೆ ಬೇಡ ಅಂತ ಷರತ್ತು ಹಾಕಬಹುದು. ಬಳಸಿದವರು ನಮ್ಮ ಹೆಸರು ಹೇಳಬೇಕು.

ಹೆಸರು ಅಂದ ಕೂಡಲೇ ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗಾದರು. ಉಳಿದ ಷರತ್ತೆಲ್ಲ ಬಿಟ್ಟು ಅದೊಂದನ್ನೇ ಠರಾವು ಮಾಡಿದರು. ತತ್ವಪದ ಯಾರು ಬೇಕಾದರೂ ಹಾಡಬಹುದು, ಕೊನೆಯ ನುಡಿಯಲ್ಲಿ ಗುರುವಿನ ಅಂಕಿತದ ಜೊತೆ ಸಂಸ್ಥೆಯ ಹೆಸರು ಮತ್ತು ನೋಂದಣಿ ಸಂಖ್ಯೆ ಬರಬೇಕು.

ಸಂಖ್ಯೆ ತಾಳಕ್ಕೆ ಕೂರುತ್ತಿಲ್ಲ ಅಂತ ಭಜನೆಯವರು ಹೇಳಿ ಕಳಿಸಿದ್ದಾರೆ. ಮುಂದಿನ ಅಮಾವಾಸ್ಯೆಯೊಳಗೆ ಕೂರಿಸಬೇಕೆಂದು ಅವರಿಗೆ ಪತ್ರ ಹೋಗಿದೆ.